1973 ಎಂಜಿಬಿ: ಕುಸಿದ ಸೀಟು, ಬೆಚ್ಚಗಾಗದ ಹೀಟರ್, ಒದ್ದೆ ಕಾರ್ಪೆಟ್

ಹಳೇಗಾಲಿ:

ಗಾಡಿ 1973ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು), ಕ್ರೋಮ್ ಬಂಪರ್, ಬಲಗಡೆ ಸ್ಟಿಯರಿಂಗ್. ಇರೋದು ಇಂಗ್ಲೆಂಡಿನಲ್ಲಿ, ಹಾಗಾಗಿ ಚಳಿ-ಮಳೆ ಎರಡೂ ಧಾರಾಳ. ಎಂಜಿನ್ ಬಗ್ಗೆ ತಕರಾರಿಲ್ಲ, ತೊಂದರೆಯೆಲ್ಲ ಒಳಗಡೆ.

ಡ್ರೈವರ್ ಸೀಟಿನಲ್ಲಿ ಕೂತರೆ ಸೊಂಟ ನೆಲಕ್ಕೆ ಇಳಿಯುತ್ತೆ, ಕೆಳಗೆ ಹಳದಿ ಪುಡಿ ಉದುರಿರುತ್ತೆ. ಸೀಟು ಹಿಂದೆ-ಮುಂದೆ ಸರಿಯುವುದೂ ಕಷ್ಟ. ಹೀಟರ್ ಫ್ಯಾನ್ ಸದ್ದು ಜೋರು, ಗಾಳಿ ಮಾತ್ರ ಉಗುರುಬೆಚ್ಚಗೆ. ಬೇಸಿಗೆಯಲ್ಲಿ ನಾಬ್ ಪೂರ್ತಿ ಆಫ್ ಮಾಡಿದರೂ ಕಾಲಿನ ಹತ್ತಿರ ಸೆಕೆ. ಜೋರು ಮಳೆ ಬಂದರೆ ಎರಡೂ ಕಡೆ ಕಾರ್ಪೆಟ್ ಒದ್ದೆ.

ಹೊಸ ಫೋಮ್, ಹೊಸ ಕವರ್, ಹೊಸ ಹೀಟರ್ ಮ್ಯಾಟ್ರಿಕ್ಸ್ (ಎಂಜಿನ್ನಿನ ಬಿಸಿನೀರು ಹಾಯ್ದು ಗಾಳಿಯನ್ನು ಬೆಚ್ಚಗಾಗಿಸುವ ಪುಟ್ಟ ರೇಡಿಯೇಟರ್) ತರಿಸುವ ಯೋಚನೆಯಲ್ಲಿದ್ದೇನೆ. ಪಟ್ಟಿ ಸರಿಯಿದೆಯಾ? ಯಾವುದನ್ನು ಮೊದಲು ಮಾಡಲಿ?

ಅರ್ಧಇಂಚು:

ಮ್ಯಾಟ್ರಿಕ್ಸ್ ಈಗಲೇ ತರಿಸಬೇಡಿ, ಅದರ ತಪ್ಪು ಇರುವುದು ಅಪರೂಪ. ಮೊದಲು ನೀರು, ಆಮೇಲೆ ಸೀಟು, ಕೊನೆಗೆ ಹೀಟರ್. ಕಾರ್ಪೆಟ್ ಒದ್ದೆಯಾಗಿಯೇ ಇದ್ದರೆ ಸೀಟಿನ ಬೋಲ್ಟು ಕೂರುವ ನೆಲವೇ ತುಕ್ಕು ಹಿಡಿಯುತ್ತೆ. ನಿಮ್ಮ ಸೀಟು ಬಿಗಿಯಾಗಿ ಸರಿಯುತ್ತಿರುವುದಕ್ಕೂ ಅದೇ ಕಾರಣ ಇರಬಹುದು.

ವಿಂಡ್‌ಸ್ಕ್ರೀನ್ ಮುಂದಿನ ಜಾಲರಿಯಿಂದ ಹೀಟರಿಗೆ ಗಾಳಿ ಹೋಗುತ್ತೆ, ಮಳೆನೀರೂ ಅಲ್ಲೇ ಇಳಿಯುತ್ತೆ. ಒಳಗಿನ ತೊಟ್ಟಿಯಿಂದ ಆ ನೀರು ಒಂದು ರಬ್ಬರ್ ಕೊಳವೆಯಲ್ಲಿ ಹಾದು ಗೇರ್‌ಬಾಕ್ಸ್ ಟನಲ್ ಪಕ್ಕ ಗಾಡಿಯ ಕೆಳಗೆ ಬೀಳಬೇಕು. ಎಲೆ, ಮಣ್ಣು ಸೇರಿ ಅದು ಕಟ್ಟಿಕೊಂಡರೆ ತೊಟ್ಟಿ ತುಂಬಿ ನೀರು ಒಳಗೆ ಬರುತ್ತೆ. ಜಾಲರಿಗೆ ಒಂದು ಲೀಟರ್ ನೀರು ಹುಯ್ಯಿರಿ. ತಕ್ಷಣ ಕೆಳಗೆ ಸುರಿದರೆ ಸರಿ, ತೊಟ್ಟಿಕ್ಕಿದರೆ ಕಟ್ಟಿದೆ. ಕೆಳಗಿನಿಂದ ಮೆತ್ತನೆಯ ಪ್ಲಾಸ್ಟಿಕ್ ತಂತಿ ತೂರಿಸಿ ಬಿಡಿಸಿ. ಮೇಲಿನಿಂದ ಕಂಪ್ರೆಸರ್ ಗಾಳಿ ಹಾಕಲೇಬೇಡಿ, ಕೊಳವೆ ಬುಡದಿಂದ ಕಳಚಿಕೊಂಡರೆ ಕೆಲಸ ಹತ್ತರಷ್ಟಾಗುತ್ತೆ.

ಅಂದಹಾಗೆ ಒದ್ದೆಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಜಿಗುಟಾಗಿ ಸಿಹಿ ವಾಸನೆ ಬಂದರೆ, ಗಾಜಿನ ಮೇಲೆ ಎಣ್ಣೆಯಂಥ ಮಬ್ಬು ಕೂರುತ್ತಿದ್ದರೆ, ಅದು ಮಳೆನೀರಲ್ಲ, ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಆಗ ಮಾತ್ರ ಮ್ಯಾಟ್ರಿಕ್ಸ್ ಪಟ್ಟಿಗೆ ಸೇರಲಿ.

ಕುಶನ್‌ಕಸುಬು:

ಸೀಟಿನ ಬಗ್ಗೆ. ಉದುರುತ್ತಿರುವುದು ಫೋಮ್, ಕೈಕೊಟ್ಟಿರುವುದು ಅದರ ಕೆಳಗಿನ ರಬ್ಬರ್ ಡಯಾಫ್ರಮ್. ಸೀಟಿನ ಚೌಕಟ್ಟಿಗೆ ಕೊಕ್ಕೆಗಳಲ್ಲಿ ಎಳೆದು ಕಟ್ಟಿದ ರಬ್ಬರ್ ಹಾಳೆ ಅದು. ಹಳತಾದಂತೆ ಕೊಕ್ಕೆಯ ತೂತುಗಳ ಹತ್ತಿರ ಹರಿಯುತ್ತೆ, ಫೋಮ್ ಆ ಸಂದಿಯಲ್ಲಿ ಜೋತುಬಿದ್ದು ಲೋಹಕ್ಕೆ ಉಜ್ಜಿ ಪುಡಿಯಾಗುತ್ತೆ. ಡಯಾಫ್ರಮ್ ಬದಲಿಸದೆ ಬರೀ ಫೋಮ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತೆ.

ಸೀಟು ಬಿಚ್ಚಲು ನಾಲ್ಕು ಬೋಲ್ಟು: ಹಿಂದಕ್ಕೆ ತಳ್ಳಿ ಮುಂದಿನೆರಡು, ಮುಂದಕ್ಕೆ ತಂದು ಹಿಂದಿನೆರಡು. 5/16 ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಎಳೆ), ಅರ್ಧ ಇಂಚಿನ ಸಾಕೆಟ್. ಹಿಂದಿನ ದಿನವೇ ಗಾಡಿಯ ಕೆಳಗಿನಿಂದ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನಟ್ಟುಗಳು ನೆಲಕ್ಕೇ ಕೂರಿಸಿದವು, ಬಲಾತ್ಕಾರ ಮಾಡಿದರೆ ನಟ್ಟೇ ಕಿತ್ತು ಬೋಲ್ಟಿನ ಜೊತೆ ಸುತ್ತುತ್ತೆ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ.

ಸೀಟು ಸರಿಯುವ ಹಳಿಗಳ ಕೆಳಗೆ ಮರದ ಪಟ್ಟಿ, ಲೋಹದ ಸ್ಪೇಸರ್ ಸಿಗುತ್ತವೆ. ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಕೊಳೆತ ಮರ ಅಂತ ಬಿಸಾಡಿ ಹಾಗೇ ಬಿಗಿದರೆ ನೆಲದ ತಗಡು ಮೇಲಕ್ಕೆ ಎಳೆದುಕೊಂಡು ಹಳಿ ತಿರುಚಿಕೊಳ್ಳುತ್ತೆ, ಸೀಟು ಸರಿಯೋದೇ ಇಲ್ಲ. ಅದೇ ದಪ್ಪದ ಹೊಸ ಪಟ್ಟಿ ಕೊಯ್ದು, ವಾರ್ನಿಷ್ ಬಳಿದು ಹಾಕಿ.

ಹೊಸ ಡಯಾಫ್ರಮ್ ಚಳಿಯಲ್ಲಿ ಬಗ್ಗುವುದಿಲ್ಲ, ಹತ್ತು ನಿಮಿಷ ಬಿಸಿನೀರಿನಲ್ಲಿ ಅದ್ದಿಡಿ. ಮೊದಲು ನಾಲ್ಕು ಮೂಲೆ, ಆಮೇಲೆ ಎದುರುಬದುರು ಒಂದೊಂದು ಕೊಕ್ಕೆ. ಒಂದೇ ಕಡೆಯಿಂದ ಸಾಲಾಗಿ ಹಾಕುತ್ತ ಹೋದರೆ ಕೊನೆಯ ಎರಡು ತೂತಿಗೆ ಎಟುಕುವುದಿಲ್ಲ. ಕೊಕ್ಕೆಯ ಬಾಯಿ ಕೆಳಮುಖವಾಗಿರಲಿ. ಫೋಮ್ ಕೂರಿಸುವ ಮುಂಚೆ ರಬ್ಬರಿನ ಮೇಲೆ ದಪ್ಪ ಕೋರಾ ಬಟ್ಟೆ ಹಾಸಿ. ಕೆಲವರಿಗೆ ಇದು ದಂಡ ಅನ್ನಿಸುತ್ತೆ, ಆದರೆ ಫೋಮ್ ಬಾಳಿಕೆ ಬರುವುದು ಇದರಿಂದಲೇ.

ವಿನೈಲ್ ಕವರ್ ಹರಿಯದೆ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಹೇರ್ ಡ್ರೈಯರಿನಲ್ಲಿ ಬೆಚ್ಚಗೆ ಮಾಡಿ, ಮುಂಭಾಗದ ನಡುವಿನಿಂದ ಶುರುಮಾಡಿ ಮೂಲೆಗಳ ಕಡೆಗೆ ಎಳೆದು ಕ್ಲಿಪ್ ಹಾಕಿ. ಹೊಸ ಫೋಮ್ ಶುರುವಿನಲ್ಲಿ ಎತ್ತರ, ತೊಡೆ ಸ್ಟಿಯರಿಂಗಿಗೆ ತಾಗುತ್ತೆ. ಕೂತು ಕೂತು ಇಳಿಯುತ್ತೆ, ಗಾಬರಿಯಾಗಿ ಕೊಯ್ಯಬೇಡಿ.

ಬಾನೆಟ್‌ಕೆಳಗೆ:

ಹೀಟರಿಗೆ ಕೈಯೇ ಥರ್ಮಾಮೀಟರ್. ಎಂಜಿನ್ ಬಿಸಿಯಾದ ಮೇಲೆ ಹೀಟರಿನ ಎರಡೂ ಹೋಸ್ ಹುಷಾರಾಗಿ ಮುಟ್ಟಿ ನೋಡಿ. ಎರಡೂ ಸುಡುತ್ತಿದ್ದರೆ ನೀರು ಚೆನ್ನಾಗಿ ಓಡುತ್ತಿದೆ, ಗಾಳಿಯೇ ದಾರಿ ತಪ್ಪಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಮ್ಯಾಟ್ರಿಕ್ಸ್ ಕಟ್ಟಿದೆ. ಹೋಸ್ ಬಿಚ್ಚಿ, ತೋಟದ ಪೈಪಿನಿಂದ ಕಡಿಮೆ ಒತ್ತಡದಲ್ಲಿ ಹಿಮ್ಮುಖವಾಗಿ ನೀರು ಬಿಟ್ಟು ತೊಳೆಯಿರಿ. ಎರಡೂ ತಣ್ಣಗಿದ್ದರೆ ಹೀಟರಿಗೆ ಬಿಸಿನೀರು ಬಿಡುವ, ಸಿಲಿಂಡರ್ ಹೆಡ್ ಹಿಂಭಾಗದ ವಾಲ್ವು ತೆರೆಯುತ್ತಿಲ್ಲ. ಎಂಜಿನ್ ಬಿಸಿ ತೋರಿಸುವ ಗೇಜು ಕೆಳಗೇ ನಿಲ್ಲುತ್ತಿದ್ದರೆ ಥರ್ಮೋಸ್ಟಾಟ್ ನೋಡಿ, ಎಂಜಿನ್ನಿನ ಬಿಸಿ ಕಾಯ್ದುಕೊಳ್ಳುವ ವಾಲ್ವು ಅದು: 74 ಡಿಗ್ರಿ ಸೆಲ್ಸಿಯಸ್ಸಿನದು ಬಿಸಿ ದೇಶಗಳಿಗೆ, ಸಾಮಾನ್ಯಕ್ಕೆ 82, ಚಳಿಗೆ 88.

ಹತ್ತರಲ್ಲಿ ಎಂಟು ಸಲ ಎರಡೂ ಸುಡುತ್ತಿರುತ್ತವೆ. ಹೀಟರ್ ಡಬ್ಬಿಯೊಳಗೆ ಮ್ಯಾಟ್ರಿಕ್ಸ್ ಸುತ್ತ ಇದ್ದ ಫೋಮ್ ಪುಡಿಯಾಗಿ, ಗಾಳಿ ಅದರೊಳಗೆ ಹಾಯದೆ ಪಕ್ಕದ ಸಂದಿಯಿಂದ ತಣ್ಣಗೇ ನುಸುಳುತ್ತೆ. ಫ್ಯಾನ್ ಬದಲಿಸಿದರೆ ತಣ್ಣನೆ ಗಾಳಿ ಇನ್ನೂ ಜೋರಾಗಿ ಬರುತ್ತೆ, ಅಷ್ಟೇ. ಹಾಕಬೇಕಾದ್ದು ನೀರು ಹೀರದ ಫೋಮ್ ಪಟ್ಟಿ, 6 ಮಿ.ಮೀ. ದಪ್ಪ, ಮ್ಯಾಟ್ರಿಕ್ಸಿನ ನಾಲ್ಕೂ ಅಂಚಿಗೆ. ಅಲ್ಲಾಡಿಸಿದರೆ ಸದ್ದು ಬರಬಾರದು. ಗಾಳಿ ತಿರುಗಿಸುವ ಫ್ಲಾಪಿಗೆ 3 ಮಿ.ಮೀ. ಸಾಕು. ಸ್ಪಂಜಿನಂಥದ್ದು ಬೇಡ, ತೇವ ಹಿಡಿದು ಡಬ್ಬಿಗೇ ತುಕ್ಕು ತರುತ್ತೆ.

ಡಬ್ಬಿ ಹೊರತೆಗೆಯೋದು ಈ ಗಾಡಿಯ ಅತಿ ಬೇಜಾರಿನ ಕೆಲಸ. ಕೂಲಂಟ್ ಇಳಿಸಿ, ಹೋಸ್ ಬಿಚ್ಚಿ, ಮ್ಯಾಟ್ರಿಕ್ಸಿನ ಎರಡೂ ಬಾಯಿಗೆ ಬಿರಡೆ ಹಾಕಿ. ಇಲ್ಲದಿದ್ದರೆ ಉಳಿದ ನೀರು ಒಳಗೆ ಚೆಲ್ಲುತ್ತೆ. ನಡುವಿನ ಕನ್ಸೋಲ್ ತೆಗೆದು ಫ್ಲಾಪಿನ ಕೇಬಲ್, ಗಾಜಿನ ಕಡೆ ಹೋಗುವ ಕೊಳವೆಗಳನ್ನು ಒಳಗಿನಿಂದಲೇ ಬಿಡಿಸಿ. ಸುತ್ತಲಿನ ಸ್ಕ್ರೂ ಎಲ್ಲ ಬಿಚ್ಚಿದ ಮೇಲೂ ಹಳೇ ಸೀಲು ಅಂಟಿಕೊಂಡಿರುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ತೆಳು ತಗಡು. ಎರಡೂ ಕೈಯಲ್ಲಿ ಹಿಡಿದು ಹಿಂದೆ-ಮುಂದೆ ಆಡಿಸುತ್ತ ಎತ್ತಿ. ಆ ಸೀಲು ಮತ್ತೆ ಬಳಸಬೇಡಿ.

ಬೇಸಿಗೆಯ ಸೆಕೆಗೆ ಬಹುಪಾಲು ಕೇಬಲ್ಲೇ ಕಾರಣ. ನಾಬ್ ಪೂರ್ತಿ ತಣ್ಣಗೆ ಇಟ್ಟು, ವಾಲ್ವನ್ನು ಕೈಯಿಂದಲೇ ಪೂರ್ತಿ ಮುಚ್ಚಿ, ಆಮೇಲೆ ಕೇಬಲ್ ಕ್ಲಾಂಪ್ ಬಿಗಿಮಾಡಿ. ಆದರೂ ಹೋಸ್ ಬಿಸಿಯಾದರೆ ವಾಲ್ವು, ಅದರ ಗ್ಯಾಸ್ಕೆಟ್ ಎರಡೂ ಹೊಸದು. ಇದಕ್ಕೆ ರೇಡಿಯೇಟರಿನಿಂದ ಮೂರು ಲೀಟರಿನಷ್ಟು ಇಳಿಸಿದರೆ ಸಾಕು. ಗೇರ್ ಲಿವರಿನ ಕೆಳಗಿನ ರಬ್ಬರ್ ಟೋಪಿಯನ್ನೂ ನೋಡಿ, ಅದು ಹರಿದಿದ್ದರೆ ಟನಲ್ಲಿನ ಬಿಸಿಗಾಳಿ ನೇರ ಒಳಗೆ.

ಹಳೇಗಾಲಿ:

ನೀರು ಹುಯ್ದೆ, ತೊಟ್ಟಿಕ್ಕಿತು. ಕೊಳವೆ ಬಿಡಿಸಿದ ಮೇಲೆ ಒಂದೇ ಸಲಕ್ಕೆ ಸುರಿಯಿತು. ಹೋಸ್ ಎರಡೂ ಸುಡುತ್ತಿವೆ. ಡಯಾಫ್ರಮ್ ಬದಲು ಸೆಣಬಿನ ಪಟ್ಟಿ ಹಾಕಿದರೆ ನಡೆಯುತ್ತಾ? ಫ್ಯಾನ್ ಫ್ಯೂಸ್ 35 ಆಂಪ್ ಹಾಕಿದ್ದಾರೆ, ಸರಿಯಾ?

ಕುಶನ್‌ಕಸುಬು:

ಸೆಣಬು ಬೇಡ, ಅದು ಜಗ್ಗುವುದಿಲ್ಲ, ಹಲಗೆ ಮೇಲೆ ಕೂತಂತಾಗುತ್ತೆ. ರಬ್ಬರ್ ಬೆರೆತ 50 ಮಿ.ಮೀ. ಪಟ್ಟಿ ಆಗಬಹುದು: ನವಾರದ ಮಂಚದ ಹಾಗೆ ಅಡ್ಡ-ಉದ್ದ ಹೆಣೆದು, ಪ್ರತಿ ಪಟ್ಟಿಯನ್ನೂ ಉದ್ದದ ಹತ್ತನೇ ಒಂದರಷ್ಟು ಎಳೆದು, ಚೌಕಟ್ಟಿಗೆ ಲೋಹದ ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಆದರೂ ನನ್ನ ಮತ ಡಯಾಫ್ರಮ್ಮಿಗೇ.

ಬಾನೆಟ್‌ಕೆಳಗೆ:

ಫ್ಯೂಸಿನ ಮೇಲೆ ಬರೆದದ್ದನ್ನು ಓದಿ. ಲ್ಯೂಕಾಸ್ ಕಂಪನಿಯ ಗಾಜಿನ ಫ್ಯೂಸಿನ 35 ಅಂದರೆ ಸುಟ್ಟುಹೋಗುವ ಮಟ್ಟ. ಸತತವಾಗಿ ತಡೆಯೋದು 17 ಆಂಪ್. ಸತತ 35ರ ಫ್ಯೂಸ್ ಹಾಕಿದ್ದರೆ ಫ್ಯೂಸಿಗಿಂತ ಮೊದಲು ವೈರು ಬೇಯುತ್ತೆ, ಇವತ್ತೇ ಬದಲಿಸಿ. ಡಬ್ಬಿ ಹೊರಗಿರುವಾಗಲೇ ಮೋಟರಿಗೆ ಬ್ಯಾಟರಿ ಕೊಟ್ಟು ಫ್ಯಾನ್ ಸರಿಯಾದ ದಿಕ್ಕಿಗೆ ತಿರುಗುತ್ತಾ ನೋಡಿ. ವೈರು ಅದಲುಬದಲಾಗಿ ಉಲ್ಟಾ ತಿರುಗಿದರೂ ಗಾಳಿ ಸ್ವಲ್ಪ ಬರುತ್ತೆ, ಹಾಗಾಗಿ ಗಾಡಿಗೆ ಕೂರಿಸಿದ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಅರ್ಧಇಂಚು:

ಸೀಟು ಹೊರಗಿರುವಾಗ ಸೀಟ್ ಬೆಲ್ಟಿನ ಬುಡದ ಬೋಲ್ಟುಗಳನ್ನೂ ಬಿಚ್ಚಿ ನೋಡಿ, ಅವು 7/16 ಯುಎನ್‌ಎಫ್. ಸುತ್ತಲಿನ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದಾಗ ಒಳಕ್ಕೆ ಹೋದರೆ ವೆಲ್ಡಿಂಗ್ ಆಗುವವರೆಗೆ ಸೀಟು ವಾಪಸ್ ಕೂರಿಸಬೇಡಿ.