ಸಹಾಯ ಬೇಕು: ಖಾರಪುಡಿ ಆರ್ಡರ್ ತಪ್ಪದಂಗ ಇಟ್ಕೊಳ್ಳೋದು ಹೆಂಗ್ರಿ?

ಎಲ್ಲಾರಿಗೂ ಶರಣ್ರಿ. ಬ್ಯಾಡಗಿ ಬಾಜೂ ಹಳ್ಳ್ಯಾಗ ನಾನು, ನಮ್ಮವ್ವ, ಓಣಿಯ ಇಬ್ರು ಅಕ್ಕಂದಿರು ಸೇರಿ ಖಾರಪುಡಿ ಮಾಡತೀವಿ. ಡಬ್ಬಿ ಕಾಯಿನ (ಬ್ಯಾಡಗಿ ಮೆಣಸಿನಕಾಯಿಯೊಳಗ ಒಂದು ಜಾತಿ) ತರತೀವಿ; ಬಣ್ಣ ಭಾಳ ಛಲೋ, ಖಾರ ಕಡಿಮಿ. ಆರ್ಡರ್ ಎಲ್ಲಾ ವಾಟ್ಸಾಪ್‌ನಾಗ ಬರತಾವ, ಅದೂ ಬಹಳಷ್ಟು ವಾಯ್ಸ್ ಮೆಸೇಜು. ನಾ ಹೊಲಕ್ಕ ಹೋದಾಗ ಅವ್ವ ಕೇಳಸ್ಕೊಂಡು, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್‌ನಾಗ ಕಿಲೋಕ್ಕೊಂದು ಗೀಟು ಹಾಕತಾಳ. ಆಕಿಗೆ ಓದಾಕ ಬರಂಗಿಲ್ಲ. ಹೋದ ವಾರ ಧಾರವಾಡದವರ ಐದು ಕಿಲೋ ಹಿಂಗ ತಪ್ಪಿಹೋತು. ಅವರ ಮನ್ಯಾಗ ಮದುವಿ ಇತ್ತು. ಅವ್ವ ಎರಡು ದಿನ ಸರಿಯಾಗಿ ಉಣಲಿಲ್ಲ.

ವಾಟ್ಸಾಪ್ ಬಿಸಿನೆಸ್‌ನಾಗ ಚಾಟಿಗೆ ಬಣ್ಣದ ಲೇಬಲ್ ಹಚ್ಚಾಕ ಬರತೈತಿ. ಓದಾಕ ಬರದವರು ಬರೇ ಬಣ್ಣ ನೋಡಿ ನಡಸೂ ಹಂಗ ಯಾರರ ಮಾಡ್ಕೊಂಡೀರೇನ್ರಿ? ಹೆಂಗ ಕಲಿಸಿದ್ರಿ?

ಇನ್ನೊಂದು. ವರ್ಷದ ವಹಿವಾಟು 40 ಲಕ್ಷದೊಳಗಿದ್ದು, ನಮ್ಮ ರಾಜ್ಯದಾಗಷ್ಟ ಆನ್‌ಲೈನ್ ಅಂಗಡಿ ಮೂಲಕ ಮಾರೋದಾದ್ರ, 2023ರ ಅಕ್ಟೋಬರ್‌ನಿಂದ ಪೂರ್ತಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಪೋರ್ಟಲ್‌ನಾಗ ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರ ನಡೀತೈತಿ. ಹಾವೇರಿ ಕಡೆ ಯಾರರ ತಗೊಂಡಿದ್ರ, ಏನೇನು ಕಾಗದ ಕೇಳಿದ್ರು ಅಂತ ಹೇಳ್ರಿ. ಸಂಜಿ ಏಳರ ಮ್ಯಾಲ ಫೋನು ನನ್ನ ಕೈಯಾಗ ಇರತೈತಿ.