ಅಪ್ಪನಿಗೆ 81 ವರ್ಷ, ಪೂರ್ತಿ ಆರ್-ಚಾಪ್ ಕೀಮೋ ಕೊಡಿಸಬೇಕಾ, ಮಿನಿ ಸಾಕಾ?

ಮಂಡ್ಯಹೈದ:
ನಮ್ಮೂರು ಮಂಡ್ಯ ಪಕ್ಕ. ಅಪ್ಪನ ಕುತ್ತಿಗೆಯಲ್ಲಿ ಗಡ್ಡೆ ಬಂತು. ಹಲ್ಲುನೋವಿನ ಊತ ಅಂದುಕೊಂಡು ಅರಿಶಿನ ಹಚ್ಚಿಕೊಂಡು ಕೂತಿದ್ದೆವು, ಎರಡೇ ತಿಂಗಳಿಗೆ ನಿಂಬೆಹಣ್ಣಿನಷ್ಟಾಯಿತು. ಬಯಾಪ್ಸಿಯಲ್ಲಿ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ ಅಂತ ಬಂದಿದೆ, ಬೇಗ ಬೆಳೆಯೋ ಒಂದು ಥರ ದುಗ್ಧಗ್ರಂಥಿ ಕ್ಯಾನ್ಸರ್ ಅಂತೆ. ಮೈಸೂರಿನ ಡಾಕ್ಟರ್ ಆರ್-ಮಿನಿ-ಚಾಪ್ ಅಂದರು, ಅಂದರೆ ಅದೇ ಆರ್-ಚಾಪ್ ಕೀಮೋ ಕಮ್ಮಿ ಡೋಸಲ್ಲಿ. ಅಣ್ಣ ಒಪ್ತಿಲ್ಲ, ಕಬ್ಬಿನ ಗದ್ದೆಗೆ ಅರ್ಧ ಔಷಧಿ ಹೊಡೆದರೆ ಕಳೆ ಸಾಯುತ್ತಾ ಅಂತಾನೆ. ಅಪ್ಪ ಈಗಲೂ ತಾವೇ ಸ್ನಾನ ಮಾಡ್ತಾರೆ, ಹಸುಗೆ ಹುಲ್ಲು ಹಾಕ್ತಾರೆ. ಆದರೆ ಬಿಪಿ ಇದೆ, ಹಿಂದೊಮ್ಮೆ ಸ್ಟೆಂಟ್ ಹಾಕಿದ್ದಾರೆ. ಏನು ಮಾಡೋದು?

ಕುವೆಂಪುನಗರದವಳು:
ನಮ್ಮಮ್ಮನಿಗೆ 72ರಲ್ಲಿ ಪೂರ್ತಿ ಡೋಸೇ ಕೊಟ್ಟರು, 21 ದಿನಕ್ಕೊಮ್ಮೆ, ಆರು ಸಲ. ಗಡ್ಡೆ ಕರಗಿತು. ಆದರೆ ಮೂರನೇ ಸಲ ಆದಮೇಲೆ ಜ್ವರ ಬಂದು ಆರು ದಿನ ವಾರ್ಡಲ್ಲಿದ್ದರು, ಬಿಳಿ ರಕ್ತಕಣ ತೀರಾ ಇಳಿದಿತ್ತು. ಕಾಲು ಜೋಮು ಹಿಡಿದದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ, ಚಪ್ಪಲಿ ಜಾರಿ ಹೋದರೂ ಗೊತ್ತಾಗಲ್ಲ ಅಂತಾರೆ. ಅಮ್ಮನ ಹಾರ್ಟ್ ಗಟ್ಟಿ ಇತ್ತು, ಅದಕ್ಕೇ ತಡೆದುಕೊಂಡರು ಅನ್ನಿಸುತ್ತೆ.

ಡೇಕೇರ್ ಸಿಸ್ಟರ್:
ಅಣ್ಣನಿಗೆ ಹೇಳಿ, ಮಿನಿ ಅಂದರೆ ಎಲ್ಲವೂ ಅರ್ಧ ಅಲ್ಲ. ಮೊದಲನೆಯ 'ಆರ್' ಇದೆಯಲ್ಲ, ರಿಟುಕ್ಸಿಮ್ಯಾಬ್, ಅದು ಪೂರ್ತಿನೇ. ಹೃದಯಕ್ಕೆ ಕಾಟ ಕೊಡುವ ಡಾಕ್ಸೋರುಬಿಸಿನ್ 50ರ ಬದಲು 25 ಮಿಲಿಗ್ರಾಂ, ಸೈಕ್ಲೋಫಾಸ್ಫಮೈಡ್ 750ರ ಬದಲು 400, ಎರಡೂ ಮೈಯ ಒಂದು ಚದರ ಮೀಟರ್ ಅಳತೆಗೆ ಲೆಕ್ಕ. ಜೋಮು ತರುವ ವಿನ್‌ಕ್ರಿಸ್ಟಿನ್ ಒಂದೇ ಮಿಲಿಗ್ರಾಂ. ಫ್ರಾನ್ಸ್, ಬೆಲ್ಜಿಯಂನವರು 80 ದಾಟಿದ 149 ಜನರಿಗೆ ಇದನ್ನು ಕೊಟ್ಟು 2011ರಲ್ಲಿ ಲೆಕ್ಕ ಕೊಟ್ಟರು, ಎರಡು ವರ್ಷದ ಹೊತ್ತಿಗೆ ಶೇ. 59 ಜನ ಬದುಕಿದ್ದರು. ಆ ವಯಸ್ಸಿಗೆ ಅದು ಕಮ್ಮಿ ಅಲ್ಲ.

ಕಾಗದದ ಮೇಲಿನ ವಯಸ್ಸು ನೋಡಿ ತೀರ್ಮಾನ ಮಾಡಬೇಡಿ, ಎಕೋ, ಅಂದರೆ ಹಾರ್ಟಿನ ಸ್ಕ್ಯಾನ್ ರಿಪೋರ್ಟ್ ನೋಡಿ. ಸ್ಟೆಂಟ್ ಇದೆ ಅಂದಮೇಲೆ ಎಕೋ ಆಗದೆ ಆ ಕೆಂಪು ಡ್ರಿಪ್, ಅದೇ ಡಾಕ್ಸೋರುಬಿಸಿನ್, ಹಾಕಿಸಲೇಬೇಡಿ. ಹೃದಯ ಸೋತಿದ್ದರೆ ಅದನ್ನು ಬಿಟ್ಟು ಎಟೊಪೊಸೈಡ್ ಅಥವಾ ಜೆಮ್‌ಸಿಟಾಬಿನ್ ಸೇರಿಸೋದೂ ಇದೆ. ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ ಕೇಳಿ, ಒಳಗೆ ಮಲಗಿರುವ ವೈರಸ್ಸು ರಿಟುಕ್ಸಿಮ್ಯಾಬ್‌ನಿಂದ ಎದ್ದು ಕೂತರೆ ಲಿವರ್‌ಗೆ ಅಪಾಯ. ಕೀಮೋಗೆ ಮುಂಚೆ ಒಂದು ವಾರ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಕೊಡೋದೂ ಇದೆ, ಸುಸ್ತಾದ ವಯಸ್ಸಾದವರು ಅಷ್ಟಕ್ಕೇ ಎದ್ದು ಓಡಾಡೋದನ್ನ ನಾನೇ ಕಂಡಿದ್ದೇನೆ.

ಒಂಟಿಕೊಪ್ಪಲ್:
ಯಾರೋ ಪೋಲಾ ಅಂತ ಹೊಸ ಔಷಧಿ ಹೇಳಿದರು, ಅದು ಬೇಡ್ವಾ?

ಡೇಕೇರ್ ಸಿಸ್ಟರ್:
ಪೋಲಾ ಅಂದರೆ ಪೋಲಾಟುಜುಮ್ಯಾಬ್, ವಿನ್‌ಕ್ರಿಸ್ಟಿನ್ ಬದಲು ಹಾಕೋದು. ಅದರ ದೊಡ್ಡ ಪರೀಕ್ಷೆ ನಡೆದದ್ದು 80ರವರೆಗಿನವರಲ್ಲಿ, ಅದೂ ಡಾಕ್ಸೋರುಬಿಸಿನ್ ಪೂರ್ತಿ ಡೋಸ್ ಜೊತೆ. ಎರಡು ವರ್ಷಕ್ಕೆ ರೋಗ ಬೆಳೆಯದೆ ಇದ್ದವರು ಶೇ. 76.7, ಬರೀ ಆರ್-ಚಾಪ್‌ನಲ್ಲಿ 70.2. ಬದುಕಿದವರ ಲೆಕ್ಕದಲ್ಲಿ ಆಗ ವ್ಯತ್ಯಾಸ ಕಾಣಲಿಲ್ಲ. ದುಡ್ಡು ಮಾತ್ರ ಸಿಕ್ಕಾಪಟ್ಟೆ. ಇವರ ಅಪ್ಪನಿಗೆ ಅಂತ ಹೊಲ ಅಡ ಇಡೋಕೆ ನಾನಂತೂ ಹೇಳಲ್ಲ.

ಮಂಡ್ಯಹೈದ:
ತುಂಬಾ ಥ್ಯಾಂಕ್ಸ್ ಸಿಸ್ಟರ್. ಎಕೋ ಇನ್ನೂ ಆಗಿಲ್ಲ, ಸೋಮವಾರ ಮಾಡಿಸ್ತೀವಿ. ಇದನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ. ಪಕ್ಕದಲ್ಲೇ ಕೂತಿದ್ದ ಅಪ್ಪ ಕೇಳಿದ್ದು ಒಂದೇ, 'ಆಸ್ಪತ್ರೆಯಿಂದ ಹಾಲು ಕರೆಯೋ ಹೊತ್ತಿಗೆ ಮನೆಗೆ ಬರಬಹುದಾ?'