ಬಳ್ಳಾರಿಯ ಸುತ್ತಮುತ್ತ ಎಲೆಗಳು ಬಣ್ಣ ತಿರುಗುವುದನ್ನು ನೋಡಲು ಯಾವ ತಿಂಗಳು, ಯಾವ ದಾರಿ?

ಪ್ರಶ್ನೆ – ನಿವೃತ್ತ ಶಿಕ್ಷಕಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದಾನೆ. ಅಕ್ಟೋಬರ್ ತಿಂಗಳಲ್ಲಿ ಅವನಲ್ಲಿಗೆ ಹೋಗಿದ್ದಾಗ ನಾನು ಮತ್ತು ನಮ್ಮ ಮನೆಯವರು ಇಬ್ಬರೇ ಅವನ ಕಾರಿನಲ್ಲಿ ಅಲ್ಲಿನ ಹಳ್ಳಿ ರಸ್ತೆಗಳನ್ನು ಸುತ್ತಿ ಬಂದೆವು. ಆ ರಾಜ್ಯದ ಮುಕ್ಕಾಲು ಪಾಲು ಕಾಡು. ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂದಿಗೂ ಮಣ್ಣಿನ ರಸ್ತೆಗಳು. 1968ರಲ್ಲಿ ತಂದ ಕಾನೂನಿನಿಂದಾಗಿ ದಾರಿಯ ಬದಿಯಲ್ಲಿ ದೊಡ್ಡ ಜಾಹೀರಾತು ಫಲಕಗಳು ಕಾಣುವುದೇ ಇಲ್ಲ. ಉತ್ತರದಿಂದ ದಕ್ಷಿಣಕ್ಕೆ ಹೋಗುವ 100ನೇ ಸಂಖ್ಯೆಯ ಹೆದ್ದಾರಿಯನ್ನು ಬಿಟ್ಟು ಪಕ್ಕದ ಒಳದಾರಿಗಳನ್ನು ಹಿಡಿದಾಗ, ಕೆಂಪು ಮತ್ತು ಕಿತ್ತಳೆ ಬಣ್ಣಕ್ಕೆ ತಿರುಗಿದ ಮೇಪಲ್ ಮರಗಳೂ ಹಳದಿಯಾದ ಬರ್ಚ್ ಮರಗಳೂ ರಸ್ತೆಯ ಮೇಲೆ ಎರಡೂ ಕಡೆಯಿಂದ ಬಾಗಿದ್ದವು. ಸೆಪ್ಟೆಂಬರ್ ಕೊನೆಯಲ್ಲಿ ಉತ್ತರದ ಎತ್ತರದ ಬೆಟ್ಟಗಳಲ್ಲಿ ತೊಡಗುವ ಈ ಬಣ್ಣ ಅಕ್ಟೋಬರ್ ನಡುವಿನ ಹೊತ್ತಿಗೆ ದಕ್ಷಿಣದ ಕಣಿವೆಗಳಿಗೆ ಇಳಿಯುತ್ತದೆ. ಯಾವ ಭಾಗದಲ್ಲಿ ಎಷ್ಟು ಬಣ್ಣ ಬಂದಿದೆ ಎಂಬುದನ್ನು ಅಲ್ಲಿನ ಸರ್ಕಾರವೇ ಆಗಾಗ ಪ್ರಕಟಿಸುತ್ತದೆ.

ಊರಿಗೆ ಮರಳಿದ ಮೇಲೆ ನಮ್ಮ ಮನೆಯವರು, ನಮ್ಮ ಮರಗಳೂ ಎಲೆ ಉದುರಿಸುತ್ತವೆ, ಹಾಗಾದರೆ ಅವುಗಳ ಬಣ್ಣವನ್ನು ನಾವೇಕೆ ಎಂದೂ ನೋಡಲು ಹೋಗಿಲ್ಲ ಎಂದು ಕೇಳಿದರು. ಬರುವ ಅಕ್ಟೋಬರಿನಲ್ಲಿ ಸಂಡೂರಿನ ಕಡೆ ಹೋದರೆ ಅಂಥದ್ದು ಕಾಣಸಿಗುವುದೇ? ನಮ್ಮದು ಸಣ್ಣ ಕಾರು. ಇವರಿಗೆ ಮೊಣಕಾಲು ನೋವಿರುವುದರಿಂದ ಬೆಟ್ಟ ಹತ್ತುವುದು ಆಗುವುದಿಲ್ಲ. ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರುವಂತಿರಬೇಕು.

ಉತ್ತರ – ಸಂಡೂರಿನ ನಿವಾಸಿ

ಅಕ್ಕನವರೇ, ಅಕ್ಟೋಬರಿನಲ್ಲಿ ಬಂದರೆ ನಿಮಗೆ ಕಾಣುವುದು ಹಸಿರು. ಅದೂ ನೋಡತಕ್ಕದ್ದೇ, ಆದರೆ ನೀವು ಕೇಳಿದ್ದು ಅದಲ್ಲ. ನಮ್ಮ ಬೆಟ್ಟಗಳ ಎಲೆ ಬಣ್ಣ ತಿರುಗುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ. ಮಳೆ ತಡವಾಗಿ ಬಿದ್ದ ವರ್ಷ ಇನ್ನೂ ಕೆಲವು ವಾರ ಮುಂದಕ್ಕೆ ಹೋಗುತ್ತದೆ.

ಮೊದಲು ದಿಂಡಿಗದ ಮರವನ್ನು ಗುರುತಿಸಲು ಕಲಿಯಿರಿ. ಬೂದು ಬಿಳುಪಿನ ನುಣುಪಾದ ಕಾಂಡ, ಸಣ್ಣ ಎಲೆ. ಉದುರುವ ಮೊದಲು ಆ ಎಲೆಗಳು ತಾಮ್ರಗೆಂಪಾಗುತ್ತವೆ, ಇಳಿಜಾರಿನಲ್ಲಿ ಮರಗಳು ಒತ್ತೊತ್ತಾಗಿ ನಿಂತಿರುವ ಕಡೆ ಬೆಟ್ಟದ ಒಂದು ಮಗ್ಗುಲೇ ಕೆಂಪಾಗಿ ಕಾಣುತ್ತದೆ. ಅದು ಮುಗಿಯುತ್ತಿದ್ದಂತೆ ಮುತ್ತಲದ ಮರಗಳು ಎಲೆ ಕಳೆದುಕೊಂಡು ಬರಿ ಕೊಂಬೆಯ ಮೇಲೆ ಕೇಸರಿ ಹೂ ಬಿಡುತ್ತವೆ. ಕಲ್ಲುಗುಡ್ಡಗಳಲ್ಲಿ ಅರಿಶಿನ ಬೂರುಗ ಹಳದಿ ಹೂವಿನಿಂದ ತುಂಬುವುದೂ ಅದೇ ಸಮಯದಲ್ಲಿ. ಹಾಗಾಗಿ ಒಂದೇ ಸಲ ಬರಲು ಸಾಧ್ಯವಿದ್ದರೆ ಫೆಬ್ರವರಿ ನಡುವಿನ ವಾರಗಳನ್ನು ಆರಿಸಿಕೊಳ್ಳಿ; ಎಲೆಯ ಕೊನೆ ಮತ್ತು ಹೂವಿನ ಮೊದಲು ಎರಡೂ ಸಿಕ್ಕುತ್ತವೆ.

ದಾರಿಯ ಮಾತು. ಕುಡತಿನಿ, ತೋರಣಗಲ್ಲು ಮೂಲಕ ಸಂಡೂರಿಗೆ ಬನ್ನಿ. ಆ ರಸ್ತೆಯಲ್ಲಿ ಅದಿರಿನ ಲಾರಿಗಳ ಓಡಾಟ ಇದೆ, ಬೆಳಿಗ್ಗೆ ಬೇಗ ಹೊರಟರೆ ಒಳ್ಳೆಯದು. ಸಂಡೂರು ಎರಡು ಉದ್ದನೆಯ ಬೆಟ್ಟಸಾಲುಗಳ ನಡುವಿನ ಕಣಿವೆ, ನಾರಿಹಳ್ಳ ಆ ಎರಡು ಸಾಲುಗಳನ್ನೂ ಸೀಳಿಕೊಂಡು ಹರಿದಿರುವ ಕಡೆಗಳೇ ಓಬಳಗಂಡಿ ಮತ್ತು ಭೀಮಗಂಡಿ. ಊರಿನಿಂದ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗುವ ರಸ್ತೆ ಕಾಡಿನ ನಡುವೆಯೇ ಏರುತ್ತದೆ, ಕಾರಿನಿಂದ ಇಳಿಯದೆಯೇ ಬಹಳಷ್ಟನ್ನು ನೋಡಬಹುದು. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿಯೂ ಅಲ್ಲಿಯೇ ಇದೆ.

ಉತ್ತರ – ಸಸ್ಯಶಾಸ್ತ್ರ ಉಪನ್ಯಾಸಕಿ, ಕೊಪ್ಪಳ

ಸಂಡೂರಿನವರು ಹೇಳಿದ ತಿಂಗಳುಗಳು ಸರಿಯಾಗಿವೆ. ಅದರ ಕಾರಣವನ್ನೂ ತಿಳಿದುಕೊಂಡರೆ ಮುಂದೆ ಯಾವ ವರ್ಷ ಯಾವಾಗ ಹೊರಡಬೇಕೆಂಬುದನ್ನು ತಾವೇ ಅಂದಾಜು ಮಾಡಬಹುದು.

ವರ್ಮಾಂಟಿನಲ್ಲಿ ಹಗಲು ಕಿರಿದಾಗುತ್ತ ಚಳಿ ಹೆಚ್ಚುತ್ತ ಹೋದಂತೆ ಮರಗಳು ಎಲೆಯಲ್ಲಿನ ಪತ್ರಹರಿತ್ತನ್ನು ಒಡೆದು, ಅದರ ಸಾರವನ್ನು ಕೊಂಬೆಗೂ ಬೇರಿಗೂ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹಸಿರು ಹೋದಾಗ ಮೊದಲಿನಿಂದಲೂ ಎಲೆಯೊಳಗೆ ಇದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ ಮೇಲೆ ಬರುತ್ತದೆ. ಮೇಪಲ್ ಮರದ ಕೆಂಪು ಹಾಗಲ್ಲ. ಅದಕ್ಕೆ ಕಾರಣವಾದ ಆಂಥೊಸಯನಿನ್ ಆ ದಿನಗಳಲ್ಲೇ ಹೊಸದಾಗಿ ತಯಾರಾಗುತ್ತದೆ, ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಗಾಢವಾಗುತ್ತದೆ.

ನಮ್ಮ ಒಣ ಎಲೆಯುದುರು ಕಾಡುಗಳಲ್ಲಿ ಈ ಕೆಲಸಕ್ಕೆ ಮುಖ್ಯ ಕಾರಣ ಚಳಿಯಲ್ಲ, ನೀರಿನ ಕೊರತೆ. ಎಲೆಯ ಮೂಲಕ ಆವಿಯಾಗುವ ನೀರನ್ನು ಉಳಿಸಿಕೊಳ್ಳಲು ಮರ ಎಲೆಯನ್ನೇ ಕಳಚುತ್ತದೆ. ಆದ್ದರಿಂದಲೇ ಒಂದೇ ಜಾತಿಯ ಮರ ಕಲ್ಲಿನ ಇಳಿಜಾರಿನಲ್ಲಿ ಬೇಗ ಬರಿದಾಗಿ, ಹಳ್ಳದ ದಂಡೆಯಲ್ಲಿ ಹಲವು ವಾರ ಹಸಿರಾಗಿಯೇ ಇರುತ್ತದೆ. ಈ ಕಾರಣಕ್ಕೆ ಮರಗಳೆಲ್ಲ ಒಂದೇ ವಾರದಲ್ಲಿ ಬಣ್ಣ ತಿರುಗುವುದಿಲ್ಲ. ವರ್ಮಾಂಟಿನ ಕಾಡಿನಂತೆ ಇಡೀ ದಿಗಂತ ಹೊತ್ತಿಕೊಂಡಂತೆ ಕಾಣುವ ನಿರೀಕ್ಷೆ ಬೇಡ. ಅದರ ಬದಲು ಬೇರೆ ಬೇರೆ ಹಂತದ ಮರಗಳನ್ನು ಒಂದೇ ದಿನ ನೋಡುವ ಅವಕಾಶ ಇಲ್ಲಿದೆ.

ನಮ್ಮಲ್ಲಿ ಚಿಗುರಿಗೂ ಕೆಂಪು ಬಣ್ಣವಿದೆ, ನನಗೆ ಇದೇ ಹೆಚ್ಚು ಇಷ್ಟ. ಫೆಬ್ರವರಿ ದಾಟಿದ ಮೇಲೆ ಅರಳಿಯ ಚಿಗುರು ತಾಮ್ರವರ್ಣದಲ್ಲಿ ಹೊಳೆಯುತ್ತದೆ, ಕಮರದ ಮರವೂ ಕೆಂಪು ಚಿಗುರನ್ನು ತೊಡುತ್ತದೆ. ಎಳೆಯ ಎಲೆಯನ್ನು ಬಿಸಿಲಿನಿಂದ ಕಾಪಾಡುವುದರಲ್ಲಿ ಅದೇ ಆಂಥೊಸಯನಿನ್‌ಗೆ ಪಾತ್ರವಿದೆ ಎಂದು ತಿಳಿಯಲಾಗಿದೆ. ಮುಂಗಾರು ಇನ್ನೂ ತಿಂಗಳುಗಟ್ಟಲೆ ದೂರ ಇರುವಾಗ, ನೆಲ ಪೂರ್ತಿ ಒಣಗಿರುವಾಗ, ಕೂಡಿಟ್ಟ ನೀರಿನಿಂದಲೇ ಮರ ಚಿಗುರುತ್ತದೆ.

ಉತ್ತರ – ಛಾಯಾಗ್ರಾಹಕ, ಹೊಸಪೇಟೆ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತ ನಾನು ಬೇರೆಯದನ್ನೇ ಹೇಳುತ್ತೇನೆ. ದಂಪತಿಗಳು ಮೊದಲ ಸಲ ಹೋಗುವುದಾದರೆ ಸೆಪ್ಟೆಂಬರಿನಲ್ಲಿಯೇ ಹೋಗಬೇಕು. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿಯವರು ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂಬ ಮಾತು ಈ ಭಾಗದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಮಳೆ ಎಲೆಯ ಮೇಲಿನ ಅದಿರಿನ ಧೂಳನ್ನು ತೊಳೆದಿರುತ್ತದೆ, ಬೆಟ್ಟದ ತಲೆಯ ಮೇಲೆ ಮೋಡ ಇಳಿದಿರುತ್ತದೆ, ಬೇಲಿಗಳಲ್ಲಿ ಗೌರಿ ಹೂ, ಬಯಲಿನಲ್ಲಿ ತಂಗಡಿ ಅರಳಿರುತ್ತವೆ. ಫೆಬ್ರವರಿಯಲ್ಲಿ ರಸ್ತೆಗೆ ಹತ್ತಿರದ ಮರಗಳ ಎಲೆ ಕೆಂಪಾಗಿ ಕಂಡರೆ ಅದು ಎಲೆಯ ಬಣ್ಣವೋ ಧೂಳಿನ ಬಣ್ಣವೋ ಎಂದು ಸನಿಹ ಹೋಗಿ ನೋಡಬೇಕಾಗುತ್ತದೆ, ಇದು ನನಗೆ ಬಹಳ ನೋವು ಕೊಡುವ ವಿಷಯ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ಮುಂದೆ ಕಟ್ಟುಪಾಡುಗಳೊಡನೆ ಅದು ಮತ್ತೆ ತೊಡಗಿದರೂ, ಉಳಿದ ಕಾಡನ್ನು ಜನ ಬಂದು ಕಣ್ಣಾರೆ ನೋಡುವುದು ಅಗತ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ – ರೈತ, ಸಿರುಗುಪ್ಪ ತಾಲೂಕು

ಬೆಟ್ಟಕ್ಕೇ ಹೋಗಬೇಕೆಂದಿಲ್ಲ, ತಾಯಿ. ನವೆಂಬರ್ ಹೊತ್ತಿಗೆ ಕಾಲುವೆ ನೀರಿನ ಭತ್ತ ಬಲಿತು ಕಂಪ್ಲಿ, ಸಿರುಗುಪ್ಪ, ಗಂಗಾವತಿ ಕಡೆಯ ಬಯಲು ಹೊಂಬಣ್ಣಕ್ಕೆ ಬಂದಿರುತ್ತದೆ. ಎರೆ ಹೊಲಗಳಲ್ಲಿ ಹತ್ತಿ ಒಡೆದಿರುತ್ತದೆ. ಹೊಸ ವರ್ಷದ ಆಚೀಚೆ ಕಣಗಳಲ್ಲಿ ಕೆಂಪು ಮೆಣಸಿನಕಾಯಿ ಒಣಹಾಕಿರುವುದನ್ನೂ ನೋಡಬಹುದು. ಹಳ್ಳಿ ರಸ್ತೆಯಲ್ಲಿ ಸುಗ್ಗಿಯ ಯಂತ್ರಗಳೂ ಟ್ರ್ಯಾಕ್ಟರುಗಳೂ ಬರುತ್ತವೆ, ನಿಧಾನವಾಗಿ ಬನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಇವರಿಗೆ ಓದಿ ಹೇಳಿದೆ. ಸೆಪ್ಟೆಂಬರಿನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ, ಅದೇ ದಾರಿಯಲ್ಲಿ, ಸಾಧ್ಯವಾದರೆ ಅದೇ ಮರಗಳ ಬಳಿ ನಿಂತು ನೋಡೋಣ ಎಂದು ಇಬ್ಬರೂ ನಿಶ್ಚಯಿಸಿದ್ದೇವೆ. ಸಂಡೂರಿನವರೇ, ಹಿಂದಿರುಗುವಾಗ ತೋರಣಗಲ್ಲಿನ ಲಾರಿ ರಸ್ತೆಯನ್ನು ತಪ್ಪಿಸಲು ಬೇರೆ ದಾರಿ ಇದೆಯೇ? ಫೆಬ್ರವರಿಯಲ್ಲಿ ಕಾಡಿಗೆ ಹೋಗುವಾಗ ವಿಶೇಷವಾಗಿ ಏನನ್ನು ಗಮನಿಸಬೇಕು?

ಉತ್ತರ – ಸಂಡೂರಿನ ನಿವಾಸಿ

ಎರಡು ದಾರಿಗಳಿವೆ. ದಕ್ಷಿಣಕ್ಕೆ ಯಶವಂತನಗರದ ಮೇಲೆ ಕೂಡ್ಲಿಗಿಗೆ ಇಳಿಯುವುದು ಒಂದು. ಸುಶೀಲಾನಗರದ ಮೂಲಕ ಹೊಸಪೇಟೆ ಸೇರಿ, ಕಮಲಾಪುರದಿಂದ ದರೋಜಿಯ ಕಡೆ ತಿರುಗುವುದು ಇನ್ನೊಂದು. ನಿಮಗೆ ಇದನ್ನೇ ಹೇಳುತ್ತೇನೆ. ಈ ಭಾಗದ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಅಕ್ಕನವರಿಗೆ ಆಸಕ್ತಿಯಿದ್ದರೆ ಸಂಡೂರಿನಲ್ಲಿಯೇ ನೋಡಬಹುದು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದಲ್ಲಿ ಇಳಿಹೊತ್ತಿನಲ್ಲಿ ಕರಡಿಗಳು ಬಂಡೆಗಳ ಮೇಲೆ ಬರುತ್ತವೆ. ಎಲೆ ಉದುರಿದ ಕಾಲದಲ್ಲಿ ಮರೆ ಕಡಿಮೆಯಾಗಿ ಅವು ಚೆನ್ನಾಗಿ ಕಾಣುತ್ತವೆ.

ಫೆಬ್ರವರಿಯಲ್ಲಿ ನಮಗಿರುವ ದೊಡ್ಡ ಭಯ ಬೆಂಕಿ. ಹುಲ್ಲು, ಉದುರಿದ ಎಲೆ ಎಲ್ಲವೂ ಒಣಗಿ ನಿಂತಿರುತ್ತವೆ, ಒಂದು ಬೀಡಿಯ ತುಂಡು ಸಾಕು. ಬಿಸಿಯಾದ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಬರಿ ಮಣ್ಣು ಅಥವಾ ಕಲ್ಲು ಇರುವ ಕಡೆ ನಿಲ್ಲಿಸಿ. ಒಲೆ ಹೂಡಿ ಅಡುಗೆ ಮಾಡುವ ಯೋಚನೆ ಬೇಡ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬನ್ನಿ. ಮುಖ್ಯ ರಸ್ತೆಯನ್ನು ಬಿಟ್ಟು ಕಾಡಿನೊಳಗಿನ ದಾರಿಗಳಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ದೇವಸ್ಥಾನದ ರಸ್ತೆಯಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಇದ್ದರೆ ಬಿಸಿಲು ಓರೆಯಾಗಿ ಬಿದ್ದು, ದಿಂಡಿಗದ ಎಲೆಗಳ ಕೆಂಪು ಅತ್ಯಂತ ಚೆನ್ನಾಗಿ ಕಾಣುತ್ತದೆ.